ಹೋದವರು ಮೂವರು, ಉಳಿದವರು ಒಂಬತ್ತು ಮಂದಿ

2025ರ ಆಗಸ್ಟ್‌ನಲ್ಲಿ ಗ್ರೂಪ್ ಕ್ಯಾಪ್ಟನ್ ದಿಲೀಪ್ ಪರುಳ್ಕರ್ ತೀರಿಕೊಂಡರು. ಸುದ್ದಿ ಓದಿದ ದಿನ ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆಲ್ಲ ಅವರ ಕಥೆ ಹೇಳಿದೆ. 1971ರ ಯುದ್ಧದಲ್ಲಿ ಅವರ ವಿಮಾನ ಬಿದ್ದದ್ದು, ರಾವಲ್ಪಿಂಡಿಯ ಸೆರೆಯಲ್ಲಿ ಗೋಡೆ ಕೊರೆದದ್ದು, ಇನ್ನಿಬ್ಬರ ಜೊತೆ ಖೈಬರ್ ಕಣಿವೆಯವರೆಗೂ ಹೋದದ್ದು, ಅಫ್ಘಾನಿಸ್ತಾನದ ಗಡಿ ಇನ್ನೇನು ಬಂತು ಅನ್ನುವಾಗ ಸಿಕ್ಕಿಬಿದ್ದದ್ದು. ಎಂಜಲು ಕೈ ಒಣಗಿದ್ದೂ ಗೊತ್ತಾಗದೆ ಎಲ್ಲರೂ ಕೇಳಿದರು. ಕೊನೆಗೆ ನನ್ನ ಭಾವಮೈದ ಕೇಳಿದ: "ಭಾವ, ಅವರನ್ನ ವಾಪಸ್ ಕಳಿಸಿದ್ದು ಯಾವಾಗ?" ತಪ್ಪಿಸಿಕೊಂಡ ವರ್ಷವೇ, 1972ರ ಡಿಸೆಂಬರ್ 1ಕ್ಕೆ ಅಂದೆ. ಅವನು ಬೆರಳಲ್ಲಿ ಎಣಿಸಿದ. "ತಪ್ಪಿಸಿಕೊಂಡಿದ್ದು ಆಗಸ್ಟ್‌ನಲ್ಲಿ. ಅಂದ್ರೆ ಇನ್ನು ಮೂರೂವರೆ ತಿಂಗಳು ಸುಮ್ನೆ ಕೂತಿದ್ರೆ ಹೇಗೂ ಮನೆಗೆ ಬರ್ತಿದ್ರು ಅಲ್ವಾ? ಪ್ರಾಣ ಪಣಕ್ಕಿಟ್ಟು ಓಡೋ ಅಗತ್ಯ ಏನಿತ್ತು?"

ಅವನು ಕುಹಕಕ್ಕೆ ಕೇಳಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದ. ಆ ಹೊತ್ತಿಗೆ ನನಗೆ ತೋಚಿದ್ದು ಏನೋ ಹೇಳಿದೆ, ಮಾತು ಬೇರೆ ಕಡೆಗೆ ಹೋಯಿತು. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು. ಅದು ಮೊದಲನೆಯದಕ್ಕಿಂತ ಕಷ್ಟದ್ದು. ಆ ಶಿಬಿರದಲ್ಲಿ ನಮ್ಮ ವಾಯುಪಡೆಯ ಹನ್ನೆರಡು ಅಧಿಕಾರಿಗಳಿದ್ದರು. ಹೊರಗೆ ಹೋದವರು ಮೂವರು. ಉಳಿದ ಒಂಬತ್ತು ಮಂದಿಯ ಪಾಡು? ಮೂವರು ಮಾಡಿದ್ದಕ್ಕೆ ಒಂಬತ್ತು ಜನ ಬೆಲೆ ಕೊಡಬೇಕಾಗುತ್ತದೆ ಎಂದು ಗೊತ್ತಿದ್ದೂ ಹೋಗಬಹುದೇ?

ತಾರೀಖು ಗೊತ್ತಿರಲಿಲ್ಲ

ಮೊದಲ ಪ್ರಶ್ನೆಯನ್ನೇ ಮೊದಲು ನೋಡೋಣ. ಡಿಸೆಂಬರ್ 1 ಎಂಬ ತಾರೀಖು ಇವತ್ತು ನಮಗೆ ಗೊತ್ತು. 1972ರ ಆಗಸ್ಟ್‌ನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಜುಲೈ 2ಕ್ಕೆ ಶಿಮ್ಲಾದಲ್ಲಿ ಇಂದಿರಾ ಗಾಂಧಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಭುಟ್ಟೊ ಒಪ್ಪಂದಕ್ಕೆ ಸಹಿ ಹಾಕಿದ್ದು ನಿಜ. ಆದರೆ ಆ ಒಪ್ಪಂದದಲ್ಲಿ ಯುದ್ಧ ಕೈದಿಗಳ ಬಿಡುಗಡೆ ಇರಲಿಲ್ಲ. ಅದನ್ನು ಎರಡೂ ಕಡೆಯ ಪ್ರತಿನಿಧಿಗಳು ಮುಂದೆ ಕೂತು ಮಾತಾಡಬೇಕು ಎಂದಷ್ಟೇ ಇತ್ತು. ನಮ್ಮ ಕೈಯಲ್ಲಿ ಪಾಕಿಸ್ತಾನದ ಸುಮಾರು 93,000 ಮಂದಿ ಇದ್ದರು. ಅವರು ಪೂರ್ವದಲ್ಲಿ ಭಾರತ ಮತ್ತು ಬಾಂಗ್ಲಾದೇಶದ ಜಂಟಿ ಪಡೆಗೆ ಶರಣಾದವರು. ಹಾಗಾಗಿ ಬಾಂಗ್ಲಾದೇಶವನ್ನು ಬಿಟ್ಟು ನಾವೊಬ್ಬರೇ ಅವರನ್ನು ಕಳಿಸುವಂತಿರಲಿಲ್ಲ. ಬಾಂಗ್ಲಾದೇಶವನ್ನು ಪಾಕಿಸ್ತಾನ ಒಂದು ದೇಶ ಎಂದೇ ಒಪ್ಪಿರಲಿಲ್ಲ. ಗಂಟು ಬಿದ್ದದ್ದು ಅಲ್ಲಿ. ಆ ದೊಡ್ಡ ಗುಂಪಿನ ಬಿಡುಗಡೆಗೆ ಒಪ್ಪಂದವಾಗಿದ್ದು 1973ರ ಆಗಸ್ಟ್‌ನಲ್ಲಿ. ಅದು ಮುಗಿದದ್ದು 1974ರ ಏಪ್ರಿಲ್‌ನಲ್ಲಿ. ರಾವಲ್ಪಿಂಡಿಯ ಕೋಣೆಯಲ್ಲಿ ಕೂತ ಪೈಲಟ್‌ಗೆ ತನ್ನ ಲೆಕ್ಕ 1972ರಲ್ಲಿ ಮುಗಿಯುತ್ತದೋ 1974ರಲ್ಲೋ ಅಥವಾ ಇನ್ನೂ ಆಚೆಗೋ ಎಂದು ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. "ಹೇಗೂ ಬರುತ್ತಿದ್ದರು" ಎನ್ನುವುದು ಎಲ್ಲರ ವಿಷಯದಲ್ಲಿ ನಿಜವಾಗಲಿಲ್ಲ. ಕಾಣೆಯಾದ ನಮ್ಮ 54 ಸೈನಿಕರ ಪಟ್ಟಿ ಸಂಸತ್ತಿನಲ್ಲಿ ಎಷ್ಟು ಸಲ ಬಂದು ಹೋಯಿತೋ. ಫ್ಲೈಟ್ ಲೆಫ್ಟಿನೆಂಟ್ ವಿಜಯ್ ತಾಂಬೆ ಅವರ ಹೆಂಡತಿ ದಮಯಂತಿ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಸೆರೆ ಸಿಕ್ಕ ಪೈಲಟ್‌ಗಳ ಪಟ್ಟಿಯಲ್ಲಿ ಪಾಕಿಸ್ತಾನದ ಒಂದು ಪತ್ರಿಕೆ ‘ಟಾಂಬೇ’ ಎಂಬ ಹೆಸರು ಅಚ್ಚು ಹಾಕಿತ್ತು. ಆ ಒಂದು ಹೆಸರನ್ನು ಹಿಡಿದುಕೊಂಡು ಆಕೆ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. ವಿಜಯ್ ಬರಲೇ ಇಲ್ಲ. ವಾಘಾ ಗಡಿಯಲ್ಲಿ ಗೇಟು ತೆರೆದ ದಿನ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮೊದಲೇ ಬರೆದಿಟ್ಟವರು ಯಾರೂ ಇರಲಿಲ್ಲ. ಸುಮ್ಮನೆ ಕೂತರೆ ಮನೆ ಸೇರುವುದು ಖಚಿತ ಎಂಬ ಮಾತನ್ನು ಈ ಕುಟುಂಬಗಳ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಏಣಿ ಹಿಡಿದು ನಿಂತವರು

ನನಗೆ ಈ ಕಥೆಯಲ್ಲಿ ಉಳಿದವರ ಮೇಲೆಯೇ ಕಣ್ಣು ಹೋಗುವುದಕ್ಕೆ ಒಂದು ಕಾರಣವಿದೆ. ನನ್ನ ದೊಡ್ಡ ಸೋದರಮಾವ ವಾಯುಪಡೆಯಲ್ಲಿದ್ದರು. ಪೈಲಟ್ ಅಲ್ಲ, ಮೆಕ್ಯಾನಿಕ್. ವಿಮಾನ ಹೊರಡುವ ಮುಂಚೆ ಎಲ್ಲ ಸರಿ ಇದೆಯಾ ಎಂದು ನೋಡಿ, ಪೈಲಟ್ ಹತ್ತಿ ಕೂತ ಮೇಲೆ ಅವರ ಬೆಲ್ಟು ಬಿಗಿದು, ಏಣಿ ತೆಗೆದು ಪಕ್ಕಕ್ಕೆ ಸರಿಯುವ ಕೆಲಸ. ನಿವೃತ್ತಿಯಾದ ಮೇಲೆ ಅರಸೀಕೆರೆ ಹತ್ತಿರದ ಊರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ಬೇಸಿಗೆ ರಜೆಗೆ ಹೋದಾಗಲೆಲ್ಲ ನಾನು ಯುದ್ಧದ ಕಥೆ ಹೇಳಿ ಎಂದು ಕಾಡುತ್ತಿದ್ದೆ. ಅವರು ಹೇಳುತ್ತಿರಲಿಲ್ಲ. ಒಂದು ಸಂಜೆ ಮಾತ್ರ, ಕಾಯಿ ಸುಲಿಯುತ್ತಾ ಕೂತಿದ್ದವರು ತಾವಾಗಿಯೇ ಶುರು ಮಾಡಿದರು.

"ಹೋಗುವಾಗ ಎಣಿಸ್ತಿದ್ವಿ ಕಣೋ. ನಾಲ್ಕು. ಆಮೇಲೆ ವಾಪಸ್ ಬರೋ ಹೊತ್ತಿಗೆ ಎಲ್ಲರೂ ಆಕಾಶ ನೋಡ್ಕೊಂಡು ನಿಂತ್ಕೊಳ್ಳೋದು. ಒಂದು ದಿನ ಮೂರೇ ಬಂತು. ಮಿಕ್ಕ ಮೂರು ಕಡೆ ಏಣಿ ಹಾಕಿ ಇಳಿಸ್ಕೊಂಡ್ರು. ನಾನು ನನ್ನ ಏಣಿ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಹೋಗು ಅಂತ ಯಾರೂ ಹೇಳ್ಲಿಲ್ಲ. ಎಣ್ಣೆ ಎಷ್ಟಿತ್ತು ಅಂತ ನನಗೆ ಗೊತ್ತಲ್ಲ, ಇನ್ನು ಬರಲ್ಲ ಅಂತ ಲೆಕ್ಕ ಹೇಳ್ತಿತ್ತು. ಆದರೂ ನಿಂತಿದ್ದೆ." ನಾನು ಕೇಳಿದೆ, ಅವರು ಸತ್ತೇಹೋದರಾ ಮಾವ ಅಂತ. "ಇಲ್ಲ, ಸಿಕ್ಕಿಬಿದ್ದಿದ್ರು. ಬದುಕಿದಾರೆ ಅಂತ ಗೊತ್ತಾಗೋಕೆ ಬಹಳ ದಿನ ಆಯ್ತು. ಗೊತ್ತಾದ ದಿನ ನಾನು ಹೋಗಿ ಆ ಏಣಿಗೆ ಹೊಸದಾಗಿ ಪೇಂಟ್ ಹೊಡೆದೆ." ಅಷ್ಟು ಹೇಳಿ ಅವರು ಮತ್ತೊಂದು ಕಾಯಿ ಎತ್ತಿಕೊಂಡರು. ಆ ಪೈಲಟ್ ಯಾರು, ಎಲ್ಲಿಯವರು ಎಂದು ನಾನು ಕೇಳಲಿಲ್ಲ. ನನಗಾಗ ಹನ್ನೊಂದೋ ಹನ್ನೆರಡೋ ವಯಸ್ಸು. ಏಣಿಗೆ ಯಾಕೆ ಪೇಂಟ್ ಹೊಡೆಯಬೇಕು ಎಂಬುದೇ ನನಗೆ ಅರ್ಥವಾಗಿರಲಿಲ್ಲ. ಈಗ ಅರ್ಥವಾಗುತ್ತದೆ. ಕಾಯುವವನಿಗೂ ಕೈಗೊಂದು ಕೆಲಸ ಬೇಕು.

ಐದನೇ ನಂಬರ್ ಕೋಣೆ

ಪರುಳ್ಕರ್ ಓಡಿಸುತ್ತಿದ್ದದ್ದು ಸುಖೋಯ್-7. 1971ರ ಡಿಸೆಂಬರ್ 10ರಂದು ಅದನ್ನು ಹೊಡೆದುರುಳಿಸಿದರು. ಯುದ್ಧಕ್ಕೆ ಮೊದಲೇ ಅವರು ತಮ್ಮ ಕಮಾಂಡಿಂಗ್ ಆಫೀಸರ್ ಹತ್ತಿರ, ಒಂದು ವೇಳೆ ಸೆರೆ ಸಿಕ್ಕರೆ ತಪ್ಪಿಸಿಕೊಂಡು ಬರುತ್ತೇನೆ ಎಂದು ಹೇಳಿದ್ದರಂತೆ. ಇದು ಸುಮ್ನೆ ಜಂಬದ ಮಾತಾಗಿರಲಿಲ್ಲ. 1965ರ ಯುದ್ಧದಲ್ಲಿ ಭುಜಕ್ಕೆ ಗುಂಡು ತಾಗಿದ್ದಾಗಲೂ ವಿಮಾನ ಬಿಟ್ಟು ಹಾರದೆ, ಅದನ್ನು ನೆಲೆಗೆ ತಂದು ಇಳಿಸಿದವರು ಅವರು.

ಮೊದಲು ಎಲ್ಲರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟು ವಿಚಾರಣೆ ನಡೆಸಿದರು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಅವರನ್ನೆಲ್ಲ ಒಂದೆಡೆ ಸೇರಲು ಬಿಟ್ಟರು. ಶಿಬಿರ ನೋಡಿಕೊಳ್ಳುತ್ತಿದ್ದ ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಕೇಕ್ ತರಿಸಿದ್ದರು. ಈ ಉಸ್ಮಾನ್ ಅವರನ್ನು ನೆನಪಿಟ್ಟುಕೊಳ್ಳಿ. ವಿಮಾನದಿಂದ ಹಾರಿ ಬಿದ್ದವರು ಯಾರೂ ಪೂರ್ತಿ ಗಟ್ಟಿಯಾಗಿ ಉಳಿದಿರುವುದಿಲ್ಲ. ಸ್ಕ್ವಾಡ್ರನ್ ಲೀಡರ್ ಜಾಫಾ ಬೆನ್ನುಮೂಳೆ ಮುರಿದು ಪ್ಲಾಸ್ಟರ್‌ನಲ್ಲಿದ್ದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ್ ವಿಮಾನದಲ್ಲಿ ಹೋಗಿ ಸಿಂಧ್‌ನ ಮರಳುಗಾಡಿನಲ್ಲಿ ಬಿದ್ದ ಜವಾಹರ್ ಲಾಲ್ ಭಾರ್ಗವ ಅಲ್ಲಿದ್ದರು. ಅವರದೇ ಒಂದು ದೊಡ್ಡ ಕಥೆ. ತಾನು ಪಾಕಿಸ್ತಾನಿ ವಾಯುಪಡೆಯ ಮನ್ಸೂರ್ ಅಲಿ ಎಂದು ಹೇಳಿಕೊಂಡು ಹಳ್ಳಿಯವರನ್ನು ಗಂಟೆಗಟ್ಟಲೆ ನಂಬಿಸಿದ್ದರು. ಕೊನೆಗೆ ಗಡಿ ಕಾಯುವ ರೇಂಜರ್ ಒಬ್ಬ ಕಲ್ಮಾ, ಅಂದರೆ ಮುಸ್ಲಿಮರು ತಮ್ಮ ಧರ್ಮದ ನಂಬಿಕೆ ಸಾರುವ ಮಾತು, ಹೇಳು ಅಂದ. ಅಲ್ಲಿಗೆ ಮುಗಿಯಿತು.

ಗೋಡೆ ಕೊರೆದದ್ದು ಐದನೇ ನಂಬರ್ ಕೋಣೆಯಲ್ಲಿ. ಕೈಗೆ ಸಿಕ್ಕ ಕತ್ತರಿ, ಚಾಕು, ಸ್ಕ್ರೂಡ್ರೈವರ್ ಹಿಡಿದು ಇಟ್ಟಿಗೆಗಳ ಸುತ್ತಲಿನ ಗಾರೆಯನ್ನು ರಾತ್ರಿ ಹೊತ್ತು ಕೆರೆದರು. ಹೊಲಿಗೆ ಸೂಜಿಗೆ ಅಯಸ್ಕಾಂತದ ಗುಣ ಬರಿಸಿ ದಿಕ್ಸೂಚಿ ಮಾಡಿದರು. ಪೈಲಟ್‌ಗಳು ತೊಡುವ ಜಿ-ಸೂಟಿನ ರಬ್ಬರ್ ಚೀಲ ನೀರು ತುಂಬಿಕೊಳ್ಳಲು ಆಯಿತು. ಜಿನೀವಾ ಒಪ್ಪಂದದ ಪ್ರಕಾರ ಯುದ್ಧ ಕೈದಿಗಳಿಗೆ ತಿಂಗಳಿಗಿಷ್ಟು ಎಂದು ಹಣ ಕೊಡಬೇಕು. ಆ ಹಣದಲ್ಲಿ ಉಳಿಸಿ ದಾರಿ ಖರ್ಚಿಗೆ ಇಟ್ಟುಕೊಂಡರು. ಪಠಾಣರ ಉಡುಪು ಹೊಂದಿಸಿದರು. ಸುಳ್ಳು ಹೆಸರುಗಳನ್ನು ಗಟ್ಟಿ ಮಾಡಿಕೊಂಡರು. ಪರುಳ್ಕರ್ ‘ಫಿಲಿಪ್ ಪೀಟರ್’ ಆದರು. ಮಲ್ವಿಂದರ್ ಸಿಂಗ್ ಗ್ರೆವಾಲ್ ‘ಅಲಿ ಅಮೀರ್’. ಹರೀಶ್ ಸಿನ್ಹಜಿ ‘ಹೆರಾಲ್ಡ್ ಜೇಕಬ್’ ಎಂಬ ಡ್ರಮ್ ಬಾರಿಸುವವ. ಮೂವರಲ್ಲಿ ಇಬ್ಬರು ಕ್ರೈಸ್ತ ಹೆಸರು ಆರಿಸಿಕೊಂಡಿದ್ದು ನೋಡಿ. ಕಲ್ಮಾ ಕೇಳಿದರೆ ಏನು ಗತಿ ಎಂಬುದು ಭಾರ್ಗವ ಅವರಿಂದ ಆ ಶಿಬಿರಕ್ಕೇ ಗೊತ್ತಿತ್ತು.

ಇಷ್ಟೆಲ್ಲ ತಯಾರಿಯನ್ನು ಮೂವರು ಒಂಬತ್ತು ಮಂದಿಯ ಕಣ್ಣು ತಪ್ಪಿಸಿ ಮಾಡಲು ಸಾಧ್ಯವೇ ಇರಲಿಲ್ಲ. ಕೆರೆಯುವ ಸದ್ದು ಕೇಳದಂತೆ ಇನ್ನೊಂದು ಸದ್ದು ಮಾಡುವವರು ಬೇಕು. ಕಾವಲುಗಾರ ಎತ್ತ ಹೋದ ಎಂದು ನೋಡುವವರು ಬೇಕು. ಉದುರಿದ ಗಾರೆಯನ್ನು ಎಲ್ಲೋ ಮಾಯ ಮಾಡಬೇಕು. ಹಗಲು ಹೊತ್ತು ಏನೂ ಆಗಿಲ್ಲ ಎಂಬಂತೆ ಇಸ್ಪೀಟು ಆಡಿಕೊಂಡು ಇರಬೇಕು. ಎಲ್ಲರಿಗೂ ಈ ಯೋಜನೆ ಒಪ್ಪಿಗೆಯಾಗಿತ್ತು ಅಂತಲ್ಲ. ಹುಚ್ಚುತನ ಎಂದುಕೊಂಡವರೂ ಇದ್ದರು. ಹಿರಿಯರಾಗಿದ್ದ ವಿಂಗ್ ಕಮಾಂಡರ್ ಕೊಯೆಲ್ಲೊ ಅವರ ಜಾಗದಲ್ಲಿ ನನ್ನನ್ನು ನಾನು ನಿಲ್ಲಿಸಿಕೊಂಡು ನೋಡುತ್ತೇನೆ. ಹನ್ನೆರಡು ಜನರ ಜವಾಬ್ದಾರಿ ಅವರದ್ದು. ಬೇಡ ಅಂದರೆ ಸೈನಿಕನ ಧರ್ಮಕ್ಕೆ ಅಡ್ಡ ಬಂದಂತೆ. ಹೂಂ ಅಂದರೆ ಮೂವರು ಗುಂಡಿಗೆ ಬಲಿಯಾಗಬಹುದು, ಉಳಿದವರ ಊಟ, ಪತ್ರ, ಬಿಸಿಲಿಗೆ ಕೂರುವ ಹೊತ್ತು ಎಲ್ಲ ಹೋಗಬಹುದು.

ಯುದ್ಧದ ಕಾನೂನು ಬರೆದವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. 1949ರ ಜಿನೀವಾ ಒಪ್ಪಂದದ ಪ್ರಕಾರ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ ಯುದ್ಧ ಕೈದಿಗೆ ಶಿಸ್ತಿನ ಶಿಕ್ಷೆ ಮಾತ್ರ ಕೊಡಬಹುದು. ಅದು 30 ದಿನ ಮೀರುವಂತಿಲ್ಲ. ಪ್ರಯತ್ನ ಪಡುವುದನ್ನು ಅದು ಅಪರಾಧದಂತೆ ನೋಡುವುದಿಲ್ಲ. ಅದರ ಮುಂದಿನ ವಿಧಿ ಇನ್ನೂ ದೊಡ್ಡದು. ತಪ್ಪಿಸಿಕೊಳ್ಳಲು ನೆರವಾದವರಿಗೂ ಅಷ್ಟೇ ಶಿಕ್ಷೆ, ಅದಕ್ಕಿಂತ ಜಾಸ್ತಿ ಇಲ್ಲ. ಒಳಗೆ ಉಳಿದವರನ್ನೂ ಆ ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿದೆ. ಕಥೆ ಹೇಳುವ ನಾವು ಎಷ್ಟೋ ಸಲ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಇದು ನಮ್ಮವರು ಮಾತ್ರ ಮಾಡಿದ ಸಾಹಸವಲ್ಲ. ಅದೇ 1972ರಲ್ಲಿ ಉತ್ತರ ಪ್ರದೇಶದ ಫತೇಗಢ ಶಿಬಿರದಿಂದ ಪಾಕಿಸ್ತಾನದ ಕೆಲವು ಅಧಿಕಾರಿಗಳು ಸುರಂಗ ತೋಡಿ ಪರಾರಿಯಾದರು. ಅವರಲ್ಲೊಬ್ಬರಾದ ನಾದಿರ್ ಪರ್ವೇಜ್ ಮುಂದೆ ಅಲ್ಲಿ ಮಂತ್ರಿಯೂ ಆದರು. ಅವರ ಹಿಂದೆಯೂ ಸುರಂಗದ ಮಣ್ಣು ಹೊತ್ತು, ಸುಮ್ಮನೆ ಹಾಸಿಗೆಗೆ ಮರಳಿದವರು ಇದ್ದೇ ಇರುತ್ತಾರೆ.

ಲಂಡಿ ಕೋತಲ್‌ನ ಬೆಳಗು

1972ರ ಆಗಸ್ಟ್ 12, ಶನಿವಾರ ರಾತ್ರಿ. ಗಾಳಿ, ಧೂಳು, ಮಳೆ. ಕಾವಲುಗಾರರು ಮುಖ ಮುಚ್ಚಿಕೊಂಡಿದ್ದರು. ಮೂವರೂ ಕಂಡಿಯಿಂದ ನುಸುಳಿ, ಹೊರಗಿನ ಗೋಡೆ ಹಾರಿ ರಸ್ತೆಗೆ ಬಂದರು. ಅದೇ ಹೊತ್ತಿಗೆ ಹತ್ತಿರದಲ್ಲಿ ಸಿನಿಮಾ ಬಿಟ್ಟಿತ್ತು. ಹೊರಬಂದ ಜನರ ನಡುವೆ ಇವರೂ ಸೇರಿಕೊಂಡರು. ಪೂರ್ವಕ್ಕೆ, ಭಾರತದ ಕಡೆಗೆ ಹೋಗುವುದು ಸಹಜ ಅನ್ನಿಸುತ್ತದೆ. ಆದರೆ ಆ ಗಡಿಯ ತುಂಬ ಸೈನ್ಯ. ಇವರು ಪಶ್ಚಿಮಕ್ಕೆ ಹೊರಟರು. ಪೇಶಾವರದ ಬಸ್ಸು ಹತ್ತಿದರು. ಅಲ್ಲಿಂದ ಟಾಂಗಾ, ಸ್ವಲ್ಪ ನಡಿಗೆ, ಜಮ್ರೂದ್ ದಾಟಿ ಮತ್ತೊಂದು ಬಸ್ಸು. ಬೆಳಿಗ್ಗೆ ಲಂಡಿ ಕೋತಲ್ ಎಂಬ ಊರು. ಅಫ್ಘಾನ್ ಗಡಿಗೆ ಅಲ್ಲಿಂದ ಹತ್ತು ಕಿಲೋಮೀಟರ್ ಕೂಡ ಇಲ್ಲ. ರಾತ್ರಿ ಮಲಗಿದ್ದ ಕೋಣೆಯಿಂದ 200 ಕಿಲೋಮೀಟರ್‌ಗೂ ಹೆಚ್ಚು ದೂರ ಬಂದಾಗಿತ್ತು. ಶಿಬಿರದಲ್ಲಿ ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ.

ಮುಂದೆ ನಡೆದದ್ದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೋ. ಮೂವರು ಚಹಾ ಕುಡಿಯುತ್ತಾರೆ. ಸುತ್ತ ನೋಡಿದರೆ ಎಲ್ಲ ಗಂಡಸರ ತಲೆಯ ಮೇಲೂ ಟೋಪಿಯೋ ಪೇಟವೋ ಇದೆ. ಇವರದು ಬರಿದಲೆ. ಹೋಗಿ ಟೋಪಿ ಕೊಳ್ಳುತ್ತಾರೆ. ಗ್ರೆವಾಲ್ ಅವರ ಟೋಪಿ ಸರಿಯಾಗಿ ಕೂರುವುದಿಲ್ಲ, ಬದಲಾಯಿಸಲು ಮತ್ತೆ ಅಂಗಡಿಗೆ ಹೋಗುತ್ತಾರೆ. ಆಮೇಲೆ ದಾರಿ ವಿಚಾರಿಸುತ್ತಾರೆ. ಲಂಡಿ ಖಾನಾಕ್ಕೆ ಹೇಗೆ ಹೋಗುವುದು?

ಲಂಡಿ ಖಾನಾ ಎಂದರೆ ಖೈಬರ್ ರೈಲಿನ ಕೊನೆಯ ನಿಲ್ದಾಣ. ಬ್ರಿಟಿಷರು 34 ಸುರಂಗ ಕೊರೆದು, 92 ಸೇತುವೆ ಮೋರಿ ಕಟ್ಟಿ ಆ ಹಾದಿ ಹಾಕಿದ್ದರು. 1925ರಲ್ಲಿ ರೈಲು ಲಂಡಿ ಕೋತಲ್ ತಲುಪಿತು, ಮರುವರ್ಷ ಲಂಡಿ ಖಾನಾ. ಆದರೆ ಆ ಕೊನೆಯ ತುಂಡನ್ನು 1932ರಲ್ಲೇ ಮುಚ್ಚಿದರು. ಇವರು ಕೇಳಿದ್ದು ಅದಾದ 40 ವರ್ಷಗಳ ಮೇಲೆ. ರೈಲೇ ಹೋಗದ ಆ ಜಾಗಕ್ಕೆ ಹೋಗುವವರು ಯಾರೂ ಇರಲಿಲ್ಲ. ಗಡಿಗೆ ಹೋಗುವವರು ತೋರ್ಖಂ ಅನ್ನುತ್ತಾರೆ. ಸೆರೆಯಲ್ಲಿ ಸಿಕ್ಕ ಹಳೆಯ ಮಾಹಿತಿಯಲ್ಲಿ ಇವರಿಗೆ ಗೊತ್ತಾದ ಹೆಸರು ಲಂಡಿ ಖಾನಾ ಮಾತ್ರ. ಹೊಸ ಮುಖಗಳು, ಹೊಸ ಟೋಪಿಗಳು, ಯಾರೂ ಹೋಗದ ಊರಿನ ಹೆಸರು. ಅಲ್ಲೇ ಇದ್ದ ತಹಶೀಲ್ದಾರರ ಕಚೇರಿಯ ಗುಮಾಸ್ತನೊಬ್ಬ ಇವರನ್ನು ತಡೆದು ನಿಲ್ಲಿಸಿದ. ನೀವು ಬಂಗಾಳಿಗಳು ಅಂದ.

ಆ ಅನುಮಾನಕ್ಕೂ ಕಾರಣವಿತ್ತು. ಬಾಂಗ್ಲಾದೇಶ ಹುಟ್ಟಿದ ಮೇಲೆ ಪಶ್ಚಿಮ ಪಾಕಿಸ್ತಾನದಲ್ಲಿ ಸಿಕ್ಕಿಕೊಂಡ ಬಂಗಾಳಿಗಳು ಇದೇ ಖೈಬರ್ ದಾರಿಯಲ್ಲಿ ಕಾಬೂಲಿಗೆ ಹೋಗಿ, ಅಲ್ಲಿಂದ ತಮ್ಮ ಊರು ಸೇರಿಕೊಳ್ಳುತ್ತಿದ್ದರು. ಯಾವ ಯುದ್ಧದಿಂದ ಇವರು ಸೆರೆಯಾದರೋ ಅದೇ ಯುದ್ಧ ಮನೆ ಕಳೆದುಕೊಂಡ ಇನ್ನೊಂದು ಗುಂಪನ್ನೂ ಅದೇ ರಸ್ತೆಗೆ ತಳ್ಳಿತ್ತು. ಈ ಭಾಗಕ್ಕೆ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇವರಿಗಿಂತ ಮೊದಲು ಅಲ್ಲಿ ಹೀಗೇ ಸಿಕ್ಕಿಬಿದ್ದ ಬಂಗಾಳಿ ಕುಟುಂಬಗಳು ಎಷ್ಟಿದ್ದವೋ. ಅವರಿಗೆ ಫೋನ್ ಮಾಡಲು ಉಸ್ಮಾನ್ ಇರಲಿಲ್ಲ.

ಒಂದು ಫೋನ್ ಕರೆ

ತಹಶೀಲ್ದಾರರ ಮುಂದೆ ನಿಲ್ಲಿಸಿದರು. ಫಿಲಿಪ್ ಪೀಟರ್, ಅಲಿ ಅಮೀರ್, ಹೆರಾಲ್ಡ್ ಜೇಕಬ್ ಕಥೆ ನಡೆಯಲಿಲ್ಲ. ಅದು ಬುಡಕಟ್ಟು ಪ್ರದೇಶ. ಪೊಲೀಸ್ ಠಾಣೆ, ಎಫ್‌ಐಆರ್ ಎಲ್ಲ ನಮ್ಮ ಕಡೆಯಂತೆ ಅಲ್ಲಿ ಇರಲಿಲ್ಲ. ಹೊರಗೆ ಜನ ಸೇರುತ್ತಿದ್ದರು, ಕೈಯಲ್ಲಿ ಬಂದೂಕು ಇಲ್ಲದವರು ಕಡಿಮೆ. ಗೂಢಚಾರರು ಎಂದು ಯಾರಾದರೂ ಕೂಗಿದ್ದರೂ ಸಾಕಿತ್ತು. ಆಗ ಪರುಳ್ಕರ್ ಒಂದು ಫೋನ್ ಮಾಡಲು ಅವಕಾಶ ಕೇಳಿದರು. ಯಾರಿಗೆ? ಪಾಕಿಸ್ತಾನಿ ವಾಯುಪಡೆಯ ಮುಖ್ಯಸ್ಥರ ಎಡಿಸಿಗೆ, ಅಂದರೆ ಅವರ ಆಪ್ತ ಸಹಾಯಕ ಅಧಿಕಾರಿಗೆ. ಆ ಕೆಲಸದಲ್ಲಿ ಆಗ ಇದ್ದವರು ಸ್ಕ್ವಾಡ್ರನ್ ಲೀಡರ್ ಉಸ್ಮಾನ್. ಕೇಕ್ ತರಿಸಿದ್ದ ಅದೇ ಉಸ್ಮಾನ್.

ತಮ್ಮನ್ನು ಸೆರೆಯಲ್ಲಿಟ್ಟಿದ್ದವರಿಗೇ ಫೋನ್ ಮಾಡಿ, ನಾವು ತಪ್ಪಿಸಿಕೊಂಡು ಇಲ್ಲಿ ಸಿಕ್ಕಿಬಿದ್ದಿದ್ದೇವೆ ಎಂದು ತಿಳಿಸುವುದು. ಗೆಲ್ಲುವ ಆಸೆ ಮುಗಿದಿದೆ ಎಂದು ಗೊತ್ತಾದ ಗಳಿಗೆಯಲ್ಲಿ ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದು ದೊಡ್ಡದು. ಅದಕ್ಕಿಂತ ದೊಡ್ಡದು ಆಚೆ ಕಡೆಯ ಉತ್ತರ. ಉಸ್ಮಾನ್ ತಹಶೀಲ್ದಾರರ ಜೊತೆ ಮಾತಾಡಿ, ಇವರು ನಮ್ಮವರೇ, ಹಿಡಿದಿಡಿ, ಆದರೆ ಮೈ ಮುಟ್ಟಬೇಡಿ ಎಂಬರ್ಥದಲ್ಲಿ ಹೇಳಿದರು. ಓಡಿಹೋದ ಶತ್ರು ಕೈದಿಗಳನ್ನು ನಮ್ಮವರು ಎಂದು ಕರೆದು ಆ ಗುಂಪಿನಿಂದ ಉಳಿಸಿದರು. ಸಿಟ್ಟು ಬರುವುದಕ್ಕೆ ಅವರಿಗೆ ಎಲ್ಲ ಕಾರಣವೂ ಇತ್ತು. ಆ ಒಂದು ಮಾತಿಗಾಗಿ ನಾನು ಅವರಿಗೆ ಮನಸಾರೆ ಕೈ ಮುಗಿಯುತ್ತೇನೆ.

ಈಗ ರಾವಲ್ಪಿಂಡಿಗೆ ವಾಪಸ್ ಬನ್ನಿ. ಶಿಬಿರದಲ್ಲಿ ಗದ್ದಲ ಎದ್ದಿದ್ದು ಈ ಫೋನ್ ಆದ ಮೇಲೆ. ಅಲ್ಲಿಯವರೆಗೆ, ಬೆಳಕು ಹರಿದು ಎಷ್ಟೋ ಹೊತ್ತಾದರೂ, ಒಂಬತ್ತು ಮಂದಿ ಎಂದಿನಂತೆ ಎದ್ದು, ಎಂದಿನಂತೆ ಕಾವಲುಗಾರರ ಮುಖ ನೋಡಿ ಇದ್ದರು. ಹೋದವರಿಗೆ ಆ ರಾತ್ರಿ ಕಾಲಿಗೆ ದಾರಿ ಇತ್ತು, ಕಣ್ಣಿಗೆ ಹೊಸ ಊರು ಇತ್ತು. ಇವರಿಗೆ ಅದೇ ನಾಲ್ಕು ಗೋಡೆ. ಒಂದೊಂದು ಗಂಟೆ ಕಳೆದ ಹಾಗೆ ಗಡಿ ಒಂದಿಷ್ಟು ಹತ್ತಿರವಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವುದು, ಬಾಗಿಲು ಸದ್ದಾದರೆ ಎದೆ ಧಸಕ್ಕೆನ್ನುವುದು. ಮುಖದಲ್ಲಿ ಏನೂ ತೋರಿಸುವಂತಿಲ್ಲ. ಮೂವರ ಹೆಜ್ಜೆಗೆ ಬೇಕಾದ ಸಮಯವನ್ನು ಕೊಟ್ಟದ್ದು ಇವರ ಆ ನಟನೆ. ತಪ್ಪಿಸಿಕೊಂಡವರು ಮೂವರು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆ ಕೆಲಸವನ್ನು ಮಾಡಿದ್ದು ಹನ್ನೆರಡು ಮಂದಿ. ಅದರಲ್ಲಿ ನಡೆಯುವ ಪಾಲು ಮೂವರಿಗೆ ಬಂತು, ಅಷ್ಟೇ.

ಮಡಿಕೇರಿಯ ಉತ್ತರ

ನಮ್ಮಲ್ಲಿ ಯುದ್ಧ ಕೈದಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕಾರ್ಯಪ್ಪನವರ ಮಗನ ವಿಷಯ. 1965ರ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನ ಬಿತ್ತು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗ ಸುರಕ್ಷಿತವಾಗಿದ್ದಾನೆ ಎಂದು ಸುದ್ದಿ ಕಳಿಸಿದರು, ಬೇಕಾದರೆ ಬಿಡುವ ಮಾತೂ ಬಂತು. ಮಡಿಕೇರಿಯಲ್ಲಿ ನಿವೃತ್ತರಾಗಿದ್ದ ತಂದೆ ಒಪ್ಪಲಿಲ್ಲ. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದು ತಿಳಿಸಿದರು. ಮಗ ಮನೆಗೆ ಬಂದದ್ದು 1966ರ ಜನವರಿಯಲ್ಲಿ, ಮಿಕ್ಕವರ ಹಾಗೆಯೇ.

ಬಹಳ ಕಾಲ ನನಗೆ ಈ ಎರಡು ಕಥೆಗಳು ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುತ್ತಿದ್ದವು. ಕೊಡಗಿನ ಆ ತಂದೆ, ಎಲ್ಲರೂ ಬರುವವರೆಗೆ ಒಬ್ಬ ಬರುವುದು ಬೇಡ ಅಂದರು. ರಾವಲ್ಪಿಂಡಿಯ ಆ ಮೂವರು, ಎಲ್ಲರೂ ಬರಲಾಗದಿದ್ದರೆ ಬರಬಲ್ಲವರು ಬರೋಣ ಅಂದರು. ಕಾರ್ಯಪ್ಪನವರು ಸರಿ ಎಂದರೆ ಪರುಳ್ಕರ್ ತಪ್ಪಾಗಬೇಕಲ್ಲವೇ? ಭಾವಮೈದನ ಪ್ರಶ್ನೆಯ ಹಿಂದೆ ಬಂದ ನನ್ನ ಎರಡನೇ ಪ್ರಶ್ನೆ ಇದೇ.

ಯೋಚಿಸುತ್ತಾ ಹೋದಂತೆ ಆ ಎದುರುಬದುರು ಕರಗಿತು. ಬಾಗಿಲು ತೆರೆದವರು ಯಾರು ಎಂದು ನೋಡಬೇಕು. 1965ರಲ್ಲಿ ಬಾಗಿಲು ತೆರೆಯಲು ಬಂದದ್ದು ಸೆರೆ ಹಿಡಿದವರೇ. ಅದೂ ಒಬ್ಬನಿಗೆ ಮಾತ್ರ, ಅವನ ಅಪ್ಪನ ಹೆಸರಿನ ಬಲದಿಂದ. ಆ ಬಾಗಿಲಲ್ಲಿ ಹೊರಬಂದಿದ್ದರೆ ಒಳಗಿದ್ದ ಸಾಮಾನ್ಯ ಸಿಪಾಯಿಯ ಎದೆ ಒಡೆಯುತ್ತಿತ್ತು. ನನಗೆ ಅಂಥ ಅಪ್ಪ ಇಲ್ಲವಲ್ಲ ಎಂದು. 1972ರಲ್ಲಿ ಬಾಗಿಲೇ ಇರಲಿಲ್ಲ. ಗೋಡೆ ಇತ್ತು. ಅದನ್ನು ತಮ್ಮ ಕೈಯಾರೆ ಕೊರೆದರು. ಉಳಿಯುವವರಿಗೆ ಅದು ಗೊತ್ತಿತ್ತು, ಅವರ ಕೈಯೂ ಅದರಲ್ಲಿತ್ತು. ಮೂವರು ಹೊರಟಾಗ ಉಳಿದವರು ಏನನ್ನೂ ಕಳೆದುಕೊಂಡ ಭಾವದಲ್ಲಿ ಇರಲಿಲ್ಲ ಎಂದೇ ನಾನು ನಂಬುತ್ತೇನೆ. ಅವರದೂ ಒಂದು ಪಾಲು ಹೊರಗೆ ಹೋಗಿತ್ತು. ಒಬ್ಬನನ್ನು ಮಾತ್ರ ಬಿಡುತ್ತೇವೆ ಎಂಬುದನ್ನು ಬೇಡ ಅನ್ನುವುದಕ್ಕೂ, ಎಲ್ಲರ ನೆರವಿನಿಂದ ಕೆಲವರು ಹೋಗುವುದಕ್ಕೂ ಒಂದೇ ನಿಯತ್ತು ಬೇಕು. ಜೊತೆಯವರ ಮುಖಕ್ಕೆ ಮುಖ ಕೊಟ್ಟು ನಿಲ್ಲಬಲ್ಲ ನಿಯತ್ತು.

ಭಾವಮೈದನಿಗೂ ಈಗ ನಾನು ಬೇರೆ ಥರ ಉತ್ತರ ಕೊಡುತ್ತೇನೆ. ಆ ಎಂಟು ತಿಂಗಳು ಅವರನ್ನು ಮುರಿಯದೆ ಉಳಿಸಿದ್ದೇ ಆ ಗೋಡೆಯ ಕೆಲಸ. ಬೆನ್ನು ಮುರಿದವರಿಗೂ, ಯೋಜನೆ ಒಪ್ಪದವರಿಗೂ ನಾಳೆ ಮಾಡಲು ಏನೋ ಒಂದು ಇತ್ತು. ಅದನ್ನು ಗಡಿ ದಾಟಿದರಾ ಇಲ್ಲವಾ ಎಂಬುದರಿಂದ ಅಳೆಯುವುದು ಬೇಡ.

ಮೂವರನ್ನೂ ವಾಪಸ್ ತಂದು ಒಂಟಿ ಕೋಣೆಗೆ ಹಾಕಿದರು. ರಾವಲ್ಪಿಂಡಿಯಲ್ಲಿ ಇದ್ದ ಸಣ್ಣಪುಟ್ಟ ಸೌಕರ್ಯ ಎಲ್ಲ ಹೋಯಿತು. ಹನ್ನೆರಡು ಮಂದಿಯನ್ನೂ ಲಯಾಲ್‌ಪುರಕ್ಕೆ ಸಾಗಿಸಿದರು. ಈಗ ಅದಕ್ಕೆ ಫೈಸಲಾಬಾದ್ ಎಂಬ ಹೆಸರು. ಅಲ್ಲಿಂದ ಅವರು ಡಿಸೆಂಬರ್ 1ರಂದು ವಾಘಾ ಗಡಿಯಲ್ಲಿ ನಡೆದು ಈಚೆ ಬಂದರು.

ಪರುಳ್ಕರ್, ಗ್ರೆವಾಲ್, ಸಿನ್ಹಜಿ ಹೆಸರು ಈ ಕಥೆ ಗೊತ್ತಿದ್ದವರಿಗೆಲ್ಲ ಗೊತ್ತು. ಉಳಿದವರ ಹೆಸರನ್ನೂ ಇಲ್ಲಿ ಬರೆದಿಡುತ್ತೇನೆ. ಬಿ. ಎ. ಕೊಯೆಲ್ಲೊ, ಡಿ. ಎಸ್. ಜಾಫಾ, ಎ. ವಿ. ಕಾಮತ್, ಜೆ. ಎಲ್. ಭಾರ್ಗವ, ಎ. ವಿ. ಪೆಥಿಯಾ, ತೇಜವಂತ್ ಸಿಂಗ್, ವಿ. ಎಸ್. ಚಾಟಿ, ಎಚ್. ಮುಲ್ಲಾ ಫಿರೋಜ್, ಕೆ. ಸಿ. ಕುರುವಿಲ್ಲಾ. ಇನ್ನು ಮೇಲೆ ಮನೆಯಲ್ಲಿ ಈ ಕಥೆ ಹೇಳುವಾಗ ಇವರಿಂದಲೇ ಶುರು ಮಾಡುತ್ತೇನೆ.